ಬರ್ಕೊಳ್ರಿ ಮೇಷ್ಟ್ರ ಟವೆಲ್ಲು

ಮರುಳಪ್ಪ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದ. ನಾನು ಚನ್ನಬಸಪ್ಪ, ಸಂತೆಯಲ್ಲಿ ಕುರಿ ವ್ಯಾಪಾರ ಮಾಡುತ್ತೇನೆ. ಇಬ್ಬರೂ ಕೂಡ್ಲಿಗಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅವನು ಪುಸ್ತಕದ ಅರ್ಥಶಾಸ್ತ್ರ ಕಲಿತ, ನಾನು ಕುರಿಯ ಬೆನ್ನು ಅಮುಕಿ ನೋಡುವ ಅರ್ಥಶಾಸ್ತ್ರ ಕಲಿತೆ. ಅವನಿಗೆ ಸಂಬಳ ಬಂತು, ನನಗೆ ಮಾತು ಬಂತು. ಯಾರಿಗೆ ಹೆಚ್ಚು ಬಂತು ಎಂದು ನಾವಿಬ್ಬರೂ ನಲವತ್ತು ವರ್ಷದಿಂದ ಜಗಳ ಆಡುತ್ತಿದ್ದೇವೆ.

ಅವನ ಕಾಲೇಜಿನ ಹೆಸರು ಬರೆಯುವುದಿಲ್ಲ. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೊರಟರೆ ರಸ್ತೆ ಬದಿಗೆ ಸಿಗುತ್ತದೆ, ಮುಂದೆ ಎರಡು ಬೇವಿನ ಮರ ಇವೆ, ಅಷ್ಟು ಸಾಕು. ಮೂವತ್ತೊಂದು ವರ್ಷ ಅಲ್ಲಿ ಅವನಿಗೆ ಮರುಳಪ್ಪ ಎಂಬ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಹುಡುಗರ ಬಾಯಲ್ಲಿ ಅವನು ಬರ್ಕೊಳ್ರಿ ಮೇಷ್ಟ್ರು. ಒಳಗೆ ಬರುವನು, ಕೊಡೆಯನ್ನು ಕಿಟಕಿ ಸರಳಿಗೆ ಸಿಗಿಸುವನು, ಕಂದು ರಟ್ಟಿನ ನೋಟ್ಸ್ ತೆಗೆಯುವನು, ಒಮ್ಮೆ ಕೆಮ್ಮಿ "ಬರ್ಕೊಳ್ರಿ" ಎನ್ನುವನು. ಆಮೇಲೆ ಗಂಟೆ ಹೊಡೆಯುವ ತನಕ ನಿಲ್ಲುತ್ತಿರಲಿಲ್ಲ. ಕಾಮಾ, ಫುಲ್‌ಸ್ಟಾಪ್‌ಗಳನ್ನೂ ಬಾಯಲ್ಲೇ ಹೇಳುತ್ತಿದ್ದ.

ಆಗೆಲ್ಲ ನಾನು ಕುರಿ ಹೊಡೆದುಕೊಂಡು ಆ ಕಾಂಪೌಂಡಿನ ಪಕ್ಕವೇ ಹೋಗುತ್ತಿದ್ದೆ. ಲಾರಿ, ಟೆಂಪೋ ಇಷ್ಟು ಇರಲಿಲ್ಲ. ಬೇವಿನ ನೆರಳಿಗೆ ಕುರಿಗಳು ನಿಂತಾಗ ಒಳಗಿನಿಂದ ಅವನ ಧ್ವನಿ ಹೊಲದ ಮೇಲಿನ ಗಾಳಿಯ ಹಾಗೆ ಒಂದೇ ಸಮ ಬರುತ್ತಿತ್ತು. "ಕೊರತೆಯೇ ಬೆಲೆಯ ಮೂಲ. ಫುಲ್‌ಸ್ಟಾಪ್." ನಾನು ಬೀಡಿ ಹಚ್ಚಿ ಒಂದು ಪ್ಯಾರಾ ಕೇಳಿ ಮುಂದೆ ಹೋಗುತ್ತಿದ್ದೆ. ನನ್ನ ಕುರಿಗಳು ಮೂರು ವರ್ಷ ಅಲ್ಲೇ ನಿಂತಿದ್ದರೆ ಅವಕ್ಕೂ ಡಿಗ್ರಿ ಸಿಗುತ್ತಿತ್ತು, ಹಾಜರಿ ಒಂದು ಸಾಲುತ್ತಿರಲಿಲ್ಲ ಎಂದು ಅವನನ್ನು ಕಾಡುತ್ತಿದ್ದೆ. "ಕುರಿ ಕೇಳ್ತಾವ ಬಿಡು, ನೀನ ಕೇಳಂಗಿಲ್ಲ" ಎನ್ನುತ್ತಿದ್ದ.

ಹಾಗಂತ ಮರುಳಪ್ಪ ಹುಟ್ಟಿನಿಂದ ಹೀಗೆ ಇರಲಿಲ್ಲ. ಎಂಟನೇ ಇಯತ್ತೆಯಲ್ಲಿ ಅವನು ಒಂದು ಪ್ರಶ್ನೆ ಕೇಳಿದ್ದ. ತುಂಗಭದ್ರೆಯ ಅಣೆಕಟ್ಟಿನ ಪಾಠ ನಡೆದಿತ್ತು. "ಸಾರ್, ಆ ನೀರು ಅಲ್ಲೀತನ ಬಂದದ್ದು ನಮ್ಮೂರಿಗೆ ಯಾಕ ಬರ್ಲಿಲ್ಲ?" ಮೇಷ್ಟ್ರು ಕನ್ನಡಕ ಒರೆಸಿಕೊಂಡು "ನಿಮ್ಮಪ್ಪನ್ನ ಕೇಳು" ಎಂದರು. ಮನೆಗೆ ಹೋಗಿ ಅಪ್ಪನನ್ನು ಕೇಳಿದ. "ಸಾಲಿಗೆ ಯಾಕ ಕಳಿಸೀನಿ, ಮೇಷ್ಟ್ರನ್ನ ಕೇಳು" ಎಂದರು ಅವರು. ಮರುಳಪ್ಪ ಎರಡು ದಿನ ಅತ್ತಿಂದಿತ್ತ ಓಡಾಡಿ ಸುಮ್ಮನಾದ. ಆಮೇಲೆ ಅವನು ಯಾರನ್ನೂ ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ, ಹೆಣ್ಣು ನೋಡಲು ಹೋದಾಗ ಹುಡುಗಿಯ ಹೆಸರನ್ನು ಕೂಡ ನಾನೇ ಕೇಳಿದೆ.

ನಿವೃತ್ತಿಗೆ ಹತ್ತು ತಿಂಗಳು ಉಳಿದಾಗ ಅವನ ಬುಡ ಅಲುಗಿದ್ದು ಗೀತಾಂಜಲಿ ಎಂಬ ಹುಡುಗಿಯಿಂದ. ಎರಡನೇ ವರ್ಷದವಳು, ಹಗರಿಬೊಮ್ಮನಹಳ್ಳಿಯಿಂದ ಬಸ್ಸಿಗೆ ಬರುವವಳು. ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದರೆ ಇವಳು ಕೈಕಟ್ಟಿ ಕೂತಿದ್ದಳು.

"ಬರ್ಕೊಳವಾ" ಎಂದ ಮರುಳಪ್ಪ.

"ಬ್ಯಾಡ್ರಿ ಸಾರ್, ನಮ್ಮವ್ವ ಬರ್ಕೊಂಡಾಳ."

ಅವಳ ತಾಯಿ ಶಾಂತಕುಮಾರಿ ಇಪ್ಪತ್ತಾರು ವರ್ಷದ ಹಿಂದೆ ಇದೇ ಮೇಷ್ಟ್ರ ಮುಂದೆ ಕೂತವಳು. ಈಗ ಊರಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾಳೆ. ಮರುದಿನ ಮಗಳು ಆ ನೋಟ್‌ಬುಕ್ ತಂದಳು. ಮರುಳಪ್ಪ ತನ್ನ ಕಂದು ನೋಟ್ಸ್ ಓದುತ್ತ ಹೋದ, ಅವಳು ಬೆರಳಿಟ್ಟು ನೋಡುತ್ತ ಹೋದಳು. ಒಂದು ಅಕ್ಷರ ವ್ಯತ್ಯಾಸ ಇಲ್ಲ. ಒಂದು ಕಡೆ ಮಾತ್ರ ಹುಡುಗಿ ನಕ್ಕಳು. ಅಲ್ಲಿ ಶಾಂತಕುಮಾರಿ ಬರೆದಿದ್ದಳು: "ಬೇಡಿಕೆ ಹೆಚ್ಚಾದಂತೆ ಬೆಲೆ ಏರುತ್ತದೆ, ಗಾಳಿ ಬರ್ತೈತಿ ಕಿಟಕಿ ಹಾಕ್ರಿ."

ಆ ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಅವನು ಇದನ್ನು ಹೇಳಿದಾಗ ನಾನು ನಗುತ್ತ ಕೆಮ್ಮಿದೆ. ಅವನು ನಗಲಿಲ್ಲ. ಚೀಲದಿಂದ ಆ ನೋಟ್‌ಬುಕ್ ತೆಗೆದು ನನ್ನ ಕಡೆ ತಿರುಗಿಸಿದ. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಸಣ್ಣ ಪ್ರಶ್ನೆ ಚಿಹ್ನೆಗಳು. ಹಾಳೆ ಹಾಳೆಗೂ ಒಂದೋ ಎರಡೋ ಇದ್ದವು.

"ತಿಳೀಲಾರ್ದ ಕಡಿಗೆಲ್ಲ ಶಾಂತಕುಮಾರಿ ಗುರ್ತು ಮಾಡಿದ್ಲಂತ. ಫೋನ್ ಮಾಡಿ ಕೇಳ್ದೆ, ಯಾಕವಾ ಅವಾಗ ಎದ್ದು ಕೇಳ್ಲಿಲ್ಲ ಅಂತ."

"ಏನಂದ್ಲು?"

"ನೀವು ಎಲ್ಲಿ ಬಿಡ್ತಿದ್ರಿ ಸಾರ್, ಬರಿಯಾಕ ಕೈ ಸಾಕಾಗ್ತಿದ್ದಿಲ್ಲ, ಮ್ಯಾಲ ಗಂಡುಹುಡುಗ್ರು ನಗ್ತಿದ್ರು ಅಂದ್ಲು. ಈಗಾರ ಹೇಳವಾ ಏನು ಕೇಳ್ಬೇಕಂತಿದ್ದಿ ಅಂದೆ. ಮರ್ತೀನ್ರಿ ಸಾರ್, ಗುರ್ತು ಅಷ್ಟ ಉಳಿದಾವ ಅಂದ್ಲು."

ಮಿರ್ಚಿ ತಣ್ಣಗಾಯಿತು. ಮರುಳಪ್ಪ ಮತ್ತೆ ಹೇಳಿದ: "ಮೂವತ್ತೊಂದು ವರ್ಷದಾಗ ನನಗ ಕೇಳಿದ್ದು ಒಂದ ಪ್ರಶ್ನಿ, ಚನ್ನ. ಸಾರ್, ಇದು ಪರೀಕ್ಷೆಗೆ ಬರ್ತೈತೇನು ಅಂತ. ಹೋಗೋದ್ರೊಳಗ ಒಂದ ಒಂದು ಖರೇ ಪ್ರಶ್ನಿ ಈ ಕಿವೀಲೆ ಕೇಳಿಸ್ಕೊಂಡು ಹೋಗ್ಬೇಕು."

"ಹತ್ತು ತಿಂಗ್ಳು ಐತಿ. ಕುರಿ ಎರಡು ಸಲ ಈಯೋದಕ್ಕ ಬರ್ತೈತಿ" ಎಂದೆ, ಧೈರ್ಯಕ್ಕೆ.

ಮೊದಲು ಅವನು ಹಿಡಿದದ್ದು ಫೋನು. ಎರಡು ದಿನದ ಕಂಪ್ಯೂಟರ್ ತರಬೇತಿಗೆ ಹೋಗಿ ಬಂದು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ, "ಸಂದೇಹಗಳು" ಎಂದು ಹೆಸರಿಟ್ಟ. ವಾರದಲ್ಲಿ ಅದರೊಳಗೆ ನೂರಾರು ಶುಭೋದಯ ಬಂದವು, ದೇವರ ಚಿತ್ರ ಬಂದವು, ಯಾರದೋ ಕಳೆದುಹೋದ ಎಮ್ಮೆಯ ಫೋಟೋ ಬಂತು. ಸಂದೇಹ ಬರಲಿಲ್ಲ. ಆಮೇಲೆ ಕ್ಲಾಸಿನ ದೊಡ್ಡ ಪರದೆ ಮೇಲೆ ರಸಪ್ರಶ್ನೆ ಆಡಿಸಿದ. ಫೋನಿನಲ್ಲಿ ಉತ್ತರ ಒತ್ತಿದರೆ ಮುಂದಿರುವವರ ಹೆಸರು ಮೇಲೆ ಬರುತ್ತಿತ್ತು. ಮುಂದಿನ ಬೆಂಚಿನ ನಾಲ್ಕು ಜನ ಕುಣಿದರು. ಕೊನೆಗೆ ಬಂದವರ ಹೆಸರೂ ಕೊನೆಯಲ್ಲಿ ಕಾಣುತ್ತಿತ್ತಲ್ಲ, ಅವರು ಮರುದಿನ ಫೋನ್ ಚಾರ್ಜ್ ಇಲ್ಲ ಎಂದರು. ಅದರ ಮರುದಿನವೂ ಇಲ್ಲ ಎಂದರು.

"ಹೆಸರು ಕಂಡ್ರ ಬಾಯಿ ಮುಚ್ತಾರ" ಎಂದು ಗೊಣಗುತ್ತ ಒಂದು ದಿನ ಸಂತೆಗೆ ಬಂದ. ನಾನು ಆಗ ದೊಡ್ಡಬೀರಪ್ಪನ ಜೊತೆ ವ್ಯಾಪಾರದಲ್ಲಿದ್ದೆ. ದೊಡ್ಡಬೀರಪ್ಪ ಗುಡೇಕೋಟೆ ಕಡೆಯ ಕುರಿಗಾರ, ಹತ್ತಾರು ವರ್ಷದಿಂದ ತನ್ನ ಟಗರುಗಳನ್ನು ನನಗೇ ಕೊಡುವವನು. ನಮ್ಮ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನು ಮಾರುವವನ ಕೈ ಹಿಡಿದು ಮೇಲೆ ಟವೆಲ್ ಹಾಕುತ್ತಾನೆ. ಎಷ್ಟು ಬೆರಳು, ಹೇಗೆ ಅಮುಕಿದ ಎಂಬುದರ ಮೇಲೆ ಬೆಲೆ. ಒಪ್ಪದಿದ್ದರೆ ಮಾರುವವನು ಬೆರಳು ಬಿಡಿಸಿಕೊಳ್ಳುತ್ತಾನೆ. ಬಾಯಲ್ಲಿ ಮಳೆಯ ಮಾತು, ಬೀಗರ ಮಾತು ನಡೆದಿರುತ್ತದೆ.

ಮರುಳಪ್ಪ ಹುಟ್ಟಿದಾಗಿನಿಂದ ನೋಡಿದ್ದನ್ನೇ ಅವತ್ತು ಹೊಸದಾಗಿ ನೋಡಿದ. "ಈಗ ಅವ ಎಷ್ಟು ಸಲ ಒಲ್ಲೆ ಅಂದ?" ಎಂದು ಕೇಳಿದ.

"ಮೂರು ಸಲ."

"ನಿನಗ ಅಪಮಾನ ಆಗ್ಲಿಲ್ಲ?"

"ಯಾರಿಗೆ ಕಂಡೈತಿ ಅಪಮಾನ ಆಗಾಕ?"

ಅವನು ಟವೆಲ್ಲನ್ನೇ ನೋಡುತ್ತ ನಿಂತ. ಟವೆಲ್ಲು ಮಾರಾಟಕ್ಕೆ ಇಲ್ಲ ಎಂದೆ ನಾನು.

ವಾರದೊಳಗೆ ಕ್ಲಾಸಿನ ಬಾಗಿಲಿಗೆ ಒಂದು ಸ್ಕ್ಯಾನರ್ ಚೀಟಿ ಅಂಟಿತ್ತು, ಕಿರಾಣಿ ಅಂಗಡಿಯಲ್ಲಿ ಇರುವಂಥದು. ಅದಕ್ಕೆ ಫೋನ್ ಹಿಡಿದರೆ ಒಂದು ಪುಟ ತೆರೆಯುತ್ತದೆ. ಅಲ್ಲಿ ಬರೆದದ್ದು ಕ್ಲಾಸಿನ ಪರದೆ ಮೇಲೆ ಬೀಳುತ್ತದೆ, ಬರೆದವರ ಹೆಸರು ಬೀಳುವುದಿಲ್ಲ, ಮೇಷ್ಟ್ರಿಗೂ ತಿಳಿಯುವುದಿಲ್ಲ. ಯಾರದೋ ತಂದೆ ಅದಕ್ಕೆ ಫೋನ್ ಹಿಡಿದು ಮಗಳ ಫೀಸ್ ಕಟ್ಟಲು ನೋಡಿದರಂತೆ. ಹುಡುಗರು ಆ ಪುಟಕ್ಕೆ ತಾವೇ ಹೆಸರಿಟ್ಟರು, ಟವೆಲ್ಲು ಎಂದು. "ಸಾರ್, ಟವೆಲ್ ಹಾಕ್ರಿ" ಎಂದರೆ ಪರದೆ ಬೆಳಗಬೇಕು.

ಮೊದಲ ದಿನ ಬಂದದ್ದು ಎರಡು. "ಗಂಟಿ ಯಾವಾಗ ಹೊಡೀತೈತಿ?" ಮತ್ತು "ಮೀಸಿಗೆ ಏನು ಹಚ್ತೀರಿ?" ಕಂದು ನೋಟ್ಸಿನ ಹಳೆಯ ಮರುಳಪ್ಪ ಆಗಿದ್ದರೆ ಎಲ್ಲರನ್ನೂ ಹೊರಗೆ ನಿಲ್ಲಿಸುತ್ತಿದ್ದ. ಈಗ ಗಡಿಯಾರ ನೋಡಿ ಇನ್ನು ಹನ್ನೆರಡು ನಿಮಿಷ ಎಂದ. ಮೀಸೆಯ ಬಣ್ಣದ ಹೆಸರು, ಸಿಗುವ ಅಂಗಡಿ, ಹಚ್ಚುವ ವಾರ ಎಲ್ಲ ಹೇಳಿದ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆ ನಗುವಿನಲ್ಲಿಯೇ ಅವರಿಗೆ ನಂಬಿಕೆ ಹುಟ್ಟಿತು ಎಂದು ನನ್ನ ಲೆಕ್ಕ. ನಾಲ್ಕನೇ ದಿನ ಪರದೆ ಮೇಲೆ ಇದು ಬಿತ್ತು:

"ಸಾರ್, ಕೊಳ್ಳೋರಿಗೂ ಮಾರೋರಿಗೂ ಎಲ್ಲಾರಿಗೂ ರೇಟು ಗೊತ್ತಿದ್ರ ಅದು ಪರಿಪೂರ್ಣ ಮಾರುಕಟ್ಟಿ ಅಂತ ಬರಿಸೀರಿ. ಕುರಿ ಸಂತ್ಯಾಗ ರೇಟು ಟವೆಲ್ ಕೆಳಗ ಇರ್ತೈತಿ. ಹಂಗಾರ ನಮ್ಮ ಸಂತಿ ಮಾರುಕಟ್ಟಿ ಅಲ್ಲೇನು?"

ಮರುಳಪ್ಪ ಎರಡು ಸಲ ಓದಿದ. ಕಂದು ನೋಟ್ಸ್ ತೆರೆದ, ಮುಚ್ಚಿದ. "ನನಗ ಗೊತ್ತಿಲ್ಲ" ಎಂದ. ಆಮೇಲೆ, "ನಡೀರಿ, ನೋಡಾಣ" ಎಂದ.

ಸಂಜೆ ನಾನು "ಬಂತಲ್ಲೋ ನಿನ್ನ ಪ್ರಶ್ನಿ" ಎಂದರೆ ತಲೆ ಆಡಿಸಿದ. "ಕಣ್ಣಿಗೆ ಬಂತು, ಕಿವಿಗೆ ಬರ್ಲಿಲ್ಲ. ಯಾರು ಕೇಳಿದ್ರೋ ಅದೂ ತಿಳೀಲಿಲ್ಲ. ನಾನು ಕೇಳಿಸ್ಕೋಬೇಕು ಅಂದಿದ್ದೆ." ಅಗ್ಗಕ್ಕೆ ಸಿಕ್ಕರೂ ಚೌಕಾಸಿ ಬಿಡದವನು. ಈ ಗುಣ ಇದ್ದವನು ಸಂತೆಗೆ ಬರಬೇಕಿತ್ತು, ಕಾಲೇಜಿಗೆ ಹೋದ.

ಮುಂದಿನ ಸಂತೆಗೆ ನಲವತ್ತು ಹುಡುಗ ಹುಡುಗಿಯರು ಬಂದರು. ನನ್ನ ಕೈಯನ್ನು ಅಷ್ಟು ಜನ ಓದಿದವರು ನೋಡಿದ್ದು ಅದೇ ಮೊದಲು. ದೊಡ್ಡಬೀರಪ್ಪನ ಕೈ ಹಿಡಿದು ಟವೆಲ್ ಹಾಕಿದೆ. ಮಾರುವವರ ಮಾನ ಮುಚ್ಚಲು ಈ ಟವೆಲ್ ಎಂದು ಮರುಳಪ್ಪ ಹುಡುಗರಿಗೆ ವಿವರಿಸಿದ. ಅವರು ಬೆಲೆ ಊಹಿಸಿ ಫೋನಿನಲ್ಲಿ ಒತ್ತಿದರು. ಮರುಳಪ್ಪನ ಕೈಯಲ್ಲಿದ್ದ ಪರದೆ ಮೇಲೆ ಅವರ ಊಹೆಗಳ ಕಂಬಗಳು ಎದ್ದವು. ಒಂದೂ ಸರಿ ಇರಲಿಲ್ಲ, ನನಗೆ ಖುಷಿಯಾಯಿತು. ಒಬ್ಬಳು ಹುಡುಗಿ ಮಾತ್ರ ಏನೂ ಒತ್ತದೆ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದಳು. ಮೈಲಮ್ಮ, ದೊಡ್ಡಬೀರಪ್ಪನ ಮಗಳು.

ಆಮೇಲೆ ಅವರು ಕುರಿಗಾರರ ಹತ್ತಿರ ಹೋದರು. ಯಾವ ಕುರಿ, ವಯಸ್ಸು ತಿಳಿಯಲು ಎಷ್ಟು ಹಲ್ಲು, ಎಷ್ಟಕ್ಕೆ ಕೊಟ್ಟಿರಿ, ಯಾವ ವ್ಯಾಪಾರಿಗೆ, ಓದು ಬರುತ್ತದೋ ಇಲ್ಲವೋ. ಕುರಿಗಾರನ ಹೆಸರು ಬೇಡ. ಹೆಂಡತಿಗೂ ಬೆಲೆ ಹೇಳದ ಜನ ಆ ಫೋನುಗಳಿಗೆ ಎಲ್ಲ ಹೇಳಿದರು, ಹೆಸರು ಕೇಳುವುದಿಲ್ಲವಲ್ಲ. ನಾನು ಅದನ್ನು ನೋಡುತ್ತ ದೊಡ್ಡವನ ಹಾಗೆ "ಕೇಳ್ರಿ, ಕೇಳ್ರಿ, ಬರ್ಕೊಳ್ರಿ" ಎಂದು ಹುರಿದುಂಬಿಸಿದೆ. ವ್ಯಾಪಾರದಲ್ಲಿ ಇಷ್ಟು ವರ್ಷ ಇದ್ದು ನಾನು ಮಾಡಿದ ಶುದ್ಧ ದಡ್ಡತನ ಅದೊಂದೇ.

ಆಮೇಲಿನ ತಿಂಗಳುಗಳಲ್ಲಿ ಕಾಂಪೌಂಡಿನ ಪಕ್ಕ ಹೋದರೆ ಒಳಗಿನಿಂದ ಗಲಾಟೆ ಕೇಳುತ್ತಿತ್ತು. ಮರುಳಪ್ಪ ಪಾಠವನ್ನು ಹದಿನೈದು ನಿಮಿಷ ಧ್ವನಿ ಮುದ್ರಿಸಿ ಹಿಂದಿನ ದಿನವೇ ಕಳಿಸುತ್ತಿದ್ದ. ಹಡಗಲಿ ಬಸ್ಸಿನಲ್ಲಿ, ಕಟ್ಟೆ ಮೇಲೆ, ಕಸಬರಿಗೆ ಹಿಡಿದು ಎಲ್ಲರೂ ಕೇಳಿಕೊಂಡು ಬರುತ್ತಿದ್ದರು. ಕ್ಲಾಸಿನಲ್ಲಿ ಬರೀ ಗುಂಪು ಗುಂಪಾಗಿ ವಾದ, ಶೇಂಗಾ ಯಾಕೆ ಇಳಿಯಿತು, ಮೆಕ್ಕೆಜೋಳ ಯಾಕೆ ಏರಿತು, ಪರದೆ ಮೇಲೆ ಮತ. ಟವೆಲ್ಲಿನ ಮೇಲೆ ಯಾರೋ ಬರೆದರಂತೆ: "ಸಾರ್, ನಿಮ್ಮನ್ನ ಒಂದೂವರಿ ಸ್ಪೀಡಿಗೆ ಇಟ್ರ ಸರಿಯಾಗಿ ಮಾತಾಡ್ತೀರಿ." ಅದನ್ನು ನನಗೆ ಹೇಳುವಾಗ ಅವನಿಗೆ ಸಿಟ್ಟಿತ್ತೋ ಹೆಮ್ಮೆ ಇತ್ತೋ ಗೊತ್ತಾಗಲಿಲ್ಲ.

ನನಗೆ ಮಾತ್ರ ಆ ಹಳೆಯ ಧ್ವನಿ ಬೇಕೆನಿಸುತ್ತಿತ್ತು. ಬೇವಿನ ನೆರಳು ಇತ್ತು, ಕಾಮಾ ಫುಲ್‌ಸ್ಟಾಪ್ ಇರಲಿಲ್ಲ. ಒಂದು ದಿನ ಹೇಳಿದೆ, ಅದನ್ನು ಕೇಳುತ್ತ ನಿಲ್ಲುವುದು ಒಂದು ಸುಖವಾಗಿತ್ತು ಎಂದು. ಅವನು ನನ್ನ ಫೋನಿಗೂ ಪಾಠ ಕಳಿಸಿದ. ಬೇವಿನ ಕೆಳಗೆ ಕೂತು ಕೇಳಿದೆ. ಅದರಲ್ಲಿ ಕೆಮ್ಮು ಇತ್ತು, ಕಿಟಕಿ ಇರಲಿಲ್ಲ.

ಕೊನೆಯ ಕ್ಲಾಸಿನ ದಿನ ನಾನು ಒಂದು ಹೊಸ ಟವೆಲ್ ಕೊಂಡು, ಬೀಳ್ಕೊಡುಗೆಗೆ ಹೊದಿಸೋಣ ಎಂದು ಹೆಗಲ ಮೇಲೆ ಹಾಕಿಕೊಂಡು ಹೋದೆ. ಶಾಲು ಎಲ್ಲರೂ ತರುತ್ತಾರೆ. ಕರೆಂಟ್ ಇರಲಿಲ್ಲ, ಪರದೆ ಕಪ್ಪಗಿತ್ತು, ನೆಟ್ಟೂ ಬರುತ್ತಿರಲಿಲ್ಲ. ಹೊರಗೆ ಕಿಟಕಿಯ ಹತ್ತಿರ ನಿಂತೆ. ನಲವತ್ತು ಜನ ಸುಮ್ಮನೆ ಕೂತಿದ್ದರು, ಮೂವತ್ತೊಂದು ವರ್ಷದ ಹಳೆಯ ಮೌನ ಮತ್ತೆ ಬಂದ ಹಾಗಿತ್ತು. ಮರುಳಪ್ಪ ಫೋನನ್ನು ಎತ್ತಿ ಹಿಡಿದು ಸಿಗ್ನಲ್ ಹುಡುಕಿದ, ಇಟ್ಟ.

"ಇವತ್ತು ಟವೆಲ್ ಇಲ್ರಪಾ" ಎಂದ. ಬೋರ್ಡಿನ ಕಡೆ ತಿರುಗಿ ಅವರಿಗೆ ಬೆನ್ನು ಮಾಡಿದ. "ನಾನು ನೋಡಂಗಿಲ್ಲ. ಯಾರಾರ ಆಗ್ಲಿ, ಏನಾರ ಕೇಳೋದಿದ್ರ ಕೇಳ್ರಿ."

ಅವನ ಬೆನ್ನು ನನಗೆ ಕಿಟಕಿಯಿಂದ ಓರೆಯಾಗಿ ಕಾಣುತ್ತಿತ್ತು. ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದ, ಬೆರಳುಗಳು ಒಂದನ್ನೊಂದು ಅಮುಕುತ್ತಿದ್ದವು. ಬೆರಳಿನ ಭಾಷೆ ನನಗೆ ಗೊತ್ತು. ಪ್ರಶ್ನೆ ಬರದಿದ್ದರೆ ಬೇಡ, ಆದರೆ ಬರಲಿ ಎನ್ನುತ್ತಿದ್ದವು.

ಹೊರಗೆ ಒಂದು ಬಸ್ಸು ಹೋಯಿತು. ಆಮೇಲೆ ಹಿಂದಿನಿಂದ ಒಂದು ಧ್ವನಿ ಬಂತು.

"ಸಾರ್."

"ಕೇಳ್ರಿ" ಎಂದ ಅವನು ಬೋರ್ಡಿಗೆ.

"ಈ ಕಡಿ ತಿರುಗ್ರಿ ಸಾರ್. ಇದು ಟವೆಲ್ ಹಾಕ್ಕೊಂಡು ಕೇಳೋ ಪ್ರಶ್ನಿ ಅಲ್ಲ."

ಮರುಳಪ್ಪ ತಿರುಗಿದ. ಮೈಲಮ್ಮ ಎದ್ದು ನಿಂತಿದ್ದಳು. ಯಾರೂ ನಗಲಿಲ್ಲ.

"ಅವತ್ತು ಸಂತ್ಯಾಗ ನಾವು ತಗೊಂಡ ಲೆಕ್ಕ ಎಲ್ಲಾ ನಾನು ಕೂಡಿಸಿ ನೋಡೀನ್ರಿ. ಒಬ್ಬ ವ್ಯಾಪಾರಿ, ಒಂದ ಬೆಳಿಗ್ಗಿ, ಒಂದ ತರದ ಎರಡ್ಹಲ್ಲಿನ ಟಗರಿಗೆ ಎರಡು ರೇಟು ಕೊಟ್ಟಾನ. ಓದು ಬಂದೋರಿಗೆ ಒಂದು, ನಮ್ಮಪ್ಪನಂಗ ಓದು ಬರ್ಲಾರ್ದೋರಿಗೆ ಇನ್ನೊಂದು, ಕಡಿಮಿ. ಮಾರೋರ ಮಾನ ಮುಚ್ಚಾಕ ಟವೆಲ್ ಹಾಕ್ತಾರ ಅಂತ ನೀವು ಹೇಳಿದ್ರಿ. ಅದು ಮುಚ್ಚೋದು ಮಾರೋರ ಮಾನಾನೋ, ಕೊಳ್ಳೋರ ಲಾಭಾನೋ, ಸಾರ್?"

ಮರುಳಪ್ಪನ ಮುಖವನ್ನು ನಾನು ಐವತ್ತು ವರ್ಷದಿಂದ ನೋಡುತ್ತಿದ್ದೇನೆ. ತುಂಗಭದ್ರೆಯ ಪ್ರಶ್ನೆ ಕೇಳಿದ ದಿನ ಅದು ಹೇಗಿತ್ತೋ ಹಾಗೆಯೇ ಆಯಿತು. ಆಗ ಮೇಷ್ಟ್ರು ಕನ್ನಡಕ ಒರೆಸಿಕೊಂಡಿದ್ದರು. ಇವನೂ ಕನ್ನಡಕ ತೆಗೆದ, ಆದರೆ ಕಣ್ಣು ಒರೆಸಿಕೊಂಡ.

ನಾನು ಕಿಟಕಿಯಿಂದ ಮೆಲ್ಲಗೆ ಹಿಂದೆ ಸರಿಯುತ್ತಿದ್ದೆ. ದೊಡ್ಡಬೀರಪ್ಪನ ಬೆರಳನ್ನು ನಾನು ಹೇಗೆ ಹಿಡಿಯುತ್ತಿದ್ದೆ ಎಂಬುದು ಟವೆಲ್ಲಿಗೆ ಗೊತ್ತು, ನನಗೆ ಗೊತ್ತು. ಮೂರನೆಯವರಿಗೆ ತಿಳಿಯುತ್ತದೆ ಎಂದು ಯಾವತ್ತೂ ಅಂದುಕೊಂಡಿರಲಿಲ್ಲ.

"ಉತ್ತರ ನನಗ ಗೊತ್ತಿಲ್ಲ ಮೈಲಮ್ಮ" ಎಂದ ಮರುಳಪ್ಪ. "ಗೊತ್ತಿರೋರು ಕಿಟಕ್ಯಾಗ ನಿಂತಾರ. ಒಳಗ ಬರ್ರಿ, ಚನ್ನಬಸಪ್ನೋರ."

ಹೈಸ್ಕೂಲಿನಿಂದಲೂ ನನ್ನನ್ನು ‘ಲೇ’ ಎಂದವನು ಮೊದಲ ಸಲ ಬಹುವಚನ ಹಚ್ಚಿದ. ಹೋಗದೆ ದಾರಿ ಇರಲಿಲ್ಲ. ನಲವತ್ತು ತಲೆಗಳು ನನ್ನ ಕಡೆ ತಿರುಗಿದವು. ಹೆಗಲ ಮೇಲಿನ ಹೊಸ ಟವೆಲ್ ಭಾರವಾಯಿತು, ತೆಗೆದು ಮೇಜಿನ ಮೇಲೆ ಇಟ್ಟೆ. ಮೈಲಮ್ಮ ಇನ್ನೂ ನಿಂತೇ ಇದ್ದಳು.

ಮರುಳಪ್ಪ ಹೋಗಿ ಮುಂದಿನ ಬೆಂಚಿನಲ್ಲಿ ಗೀತಾಂಜಲಿಯ ಪಕ್ಕ ಕೂತ. ಕಂದು ನೋಟ್ಸಿನ ಕೊನೆಯಲ್ಲಿ ಒಂದು ಖಾಲಿ ಹಾಳೆ ಹುಡುಕಿ, ಅವಳ ಪೆನ್ನು ಇಸಿದುಕೊಂಡು, ಅದರ ಮುಚ್ಚಳ ತೆಗೆದು ನನ್ನ ಮುಖ ನೋಡಿದ.

"ಹೇಳಲೇ, ಬರ್ಕೊಳ್ತೀನಿ."